ಓದಿದ್ದಾಯ್ತು, ಹೇಳೋದು ಬೇಡವೇ?

ಸಿನಿಮಾ ನೋಡಿ ಬಂದರೆ ನಾಯಕಿ ಉಟ್ಟ ಸೀರೆಯಿಂದ ಹಿಡಿದು ಕೊನೆಯ ಸೀನಿನವರೆಗೆ ನಾವು ಜಗಲಿಯ ಮೇಲೆ ಕೂತು ವಿಮರ್ಶೆ ಮಾಡುತ್ತೇವೆ. ನೆಂಟರ ಮದುವೆ ಊಟದ ಸಾರಿಗೆ ಉಪ್ಪು ಕಡಿಮೆಯಾಗಿದ್ದರೆ ವರ್ಷಗಟ್ಟಲೆ ನೆನಪಿಟ್ಟು ಹೇಳುತ್ತೇವೆ. ಅದೇ ಒಂದು ಕಾದಂಬರಿ ಓದಿ ಮುಗಿಸಿದಾಗ 'ಹೇಗಿತ್ತು?' ಎಂದು ಯಾರಾದರೂ ಕೇಳಿದರೆ 'ಚೆನ್ನಾಗಿತ್ತು ಕಣ್ರೀ' ಅಂದು ಬಾಯಿ ಮುಚ್ಚಿಕೊಳ್ಳುತ್ತೇವೆ. ಪುಸ್ತಕದ ಮೇಲೆ ಅಭಿಪ್ರಾಯ ಹೇಳುವುದು ಮೇಷ್ಟ್ರುಗಳ ಕೆಲಸ ಅಂತ ನಮ್ಮ ತಲೆಗೆ ಯಾರು ತುಂಬಿದರೋ ಕಾಣೆ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ಆದರೂ ಇವತ್ತು ಹೇಳಿಯೇ ಬಿಡುತ್ತೇನೆ.

ನಾನಿರುವುದು ಚಳ್ಳಕೆರೆಯಲ್ಲಿ, ನನ್ನ ನಾದಿನಿ ಮೊಳಕಾಲ್ಮುರಿನಲ್ಲಿ. ಅವರ ಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗ. ಕಂಡಿಕೆ ಸುತ್ತುವವಳಿಗೆ ಎರಡು ಕೈಯೂ ಬೇಕು, ಪುಸ್ತಕ ಹಿಡಿಯೋದಕ್ಕೆ ಮೂರನೇ ಕೈ ಎಲ್ಲಿಂದ ತರೋದು? ಅದಕ್ಕೇ ಮಗಳು ಗಟ್ಟಿಯಾಗಿ ಓದುತ್ತಾಳೆ, ಇವಳು ಕೇಳುತ್ತಾಳೆ. ಮಗ್ಗದಲ್ಲಿ ಕೂತ ಅವಳ ಯಜಮಾನರೂ ಕೇಳದವರ ಹಾಗೆ ಕೇಳುತ್ತಾರೆ. ನಾನಾದರೋ ಮಧ್ಯಾಹ್ನದ ಪಾತ್ರೆ ಮುಗಿಸಿ ಮೂರರಿಂದ ನಾಲ್ಕೂವರೆವರೆಗೆ ಓದುವವಳು. ಪುಸ್ತಕಗಳು ಹೋಗಿ ಬರುವ ನೆಂಟರ ಚೀಲದಲ್ಲಿ, ಶೇಂಗಾ ಚಟ್ನಿಪುಡಿ ಡಬ್ಬಿಯ ಪಕ್ಕ ಕೂತು ಬಸ್ಸಿನಲ್ಲಿ ಓಡಾಡುತ್ತವೆ. ಅಲ್ಲಲ್ಲಿ ಎಣ್ಣೆಯ ಕಲೆ ಉಂಟು. ಚಳ್ಳಕೆರೆ ಎಣ್ಣೆ ಗಿರಣಿಗಳ ಊರು, ಅಷ್ಟೂ ಇಲ್ಲದಿದ್ದರೆ ಹೇಗೆ!

ಆ ಬಸ್ಸು ತಳುಕಿನ ಮೇಲೆ ಹೋಗುತ್ತದೆ. ತ.ರಾ.ಸು. ಅವರ ಹೆಸರಿನ ಮೊದಲ 'ತ' ಅಂದರೆ ಇದೇ ತಳುಕು. ಅದೇ ಮನೆತನದ ತ.ಸು. ವೆಂಕಣ್ಣಯ್ಯನವರು ಕುವೆಂಪು ಅವರ ಗುರುಗಳು. 'ಶ್ರೀರಾಮಾಯಣ ದರ್ಶನಂ' ಅರ್ಪಣೆಯಾಗಿರುವುದು ಅವರಿಗೇ. ಹಾಗಾಗಿ ನಮ್ಮ ಕಡೆ ತ.ರಾ.ಸು. ಬಗ್ಗೆ ಎದುರು ಮಾತಾಡಿದರೆ ಸ್ವಂತ ಮಾವನ ಮೇಲೆ ದೂರು ಹೇಳಿದ ಹಾಗೆ. 'ದುರ್ಗಾಸ್ತಮಾನ' ಓದುವಾಗ ಮೈ ಜುಮ್ಮೆಂದಿದ್ದು ನಿಜ. 1985ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಲೇಖಕರೇ ಇರಲಿಲ್ಲ, ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದರು ಅನ್ನುವುದು ನೆನೆದರೆ ಸಂಕಟ. ಆದರೆ ನನ್ನದೊಂದು ತಕರಾರಿದೆ. ಮುತ್ತಿಗೆ ಬಿದ್ದ ಕೋಟೆಯೊಳಗೆ ಅಷ್ಟು ಜನಕ್ಕೆ ರಾಗಿ ಬೀಸಿದವರು ಯಾರು, ನೀರು ಹೊತ್ತವರು ಯಾರು? ಅಷ್ಟೊಂದು ಪುಟ ಓದಿದರೂ ನನಗೆ ಸಾಕೆನಿಸುವಷ್ಟು ಸಿಗಲಿಲ್ಲ. ಓಬವ್ವನ ಕತೆಯನ್ನೇ ನೋಡಿ: ಗಂಡ ಊಟಕ್ಕೆ ಕೂತಿದ್ದ, ಅವಳು ಕುಡಿಯೋ ನೀರು ತರಲು ಹೊರಟವಳು, ಕೈಗೆ ಸಿಕ್ಕಿದ್ದು ಒನಕೆ. ಅಡುಗೆಮನೆ ಇಲ್ಲದಿದ್ದರೆ ಆ ಕತೆಯೇ ಇಲ್ಲ.

ಭೈರಪ್ಪನವರ 'ಗೃಹಭಂಗ'ದ ಮೇಲೆ ನನಗೂ ನಾದಿನಿಗೂ ಫೋನಿನಲ್ಲಿ ಜಗಳವೇ ಆಯಿತು. 'ಅತ್ತಿಗೆ, ಇವರಿಗೆ ಕರುಣೆ ಅನ್ನೋದೇ ಇಲ್ಲ ನೋಡ್ರಿ. ಆ ನಂಜಮ್ಮ ಪಟ್ಟ ಪಾಡು ಸಾಲದಾ? ಮಕ್ಕಳನ್ನೂ ಪ್ಲೇಗಿಗೆ ಕೊಟ್ಟು, ಕೊನೆಗೆ ಅವಳನ್ನೂ ಕೊಟ್ಟುಬಿಟ್ರಲ್ಲ' ಅಂತ ಅವಳ ವಾದ. ನನಗೆ ಮನಸ್ಸಿನಲ್ಲಿ ಉಳಿದದ್ದು ಸಾವಲ್ಲ, ಲೆಕ್ಕ. ಶ್ಯಾನುಭೋಗಿಕೆ ಗಂಡನದು, ಲೆಕ್ಕ ಬರೆಯುವವಳು ನಂಜಮ್ಮ. ಅದನ್ನು ಹೇಳಿದಾಗ ನಾದಿನಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, 'ನಮ್ಮನೇಲೂ ಅಷ್ಟೇ ಐತಲ್ಲ ಅತ್ತಿಗೆ. ರೇಷ್ಮೆ ಬಿಚ್ಚೋದು, ಕಂಡಿಕೆ ಸುತ್ತೋದು, ಅಂಚಿನ ಲೆಕ್ಕ ಹಿಡಿಯೋದು ನಾನು. ಸೀರೆ ಯಾರು ನೇಯ್ದದ್ದು ಅಂದ್ರೆ ಮಗ್ಗದಾಗೆ ಕೂತೋರ ಹೆಸರು' ಅಂದಳು. ಆಗ ಅವಳ ಯಜಮಾನರು ಕೆಮ್ಮಿದ್ದು ನನಗೂ ಕೇಳಿಸಿತು. ಜಗಳ ಅಲ್ಲಿಗೆ ನಿಂತಿತು.

ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' 1976ರದು. ಬಾಲವಿಧವೆಯೊಬ್ಬಳ ನಿಜ ಬದುಕಿನ ಕತೆ, ಲೇಖಕಿಯ ಮನೆತನದವರದೇ. ಇದನ್ನು ನಮ್ಮ ದೊಡ್ಡತ್ತೆಗೆ ಸ್ವಲ್ಪ ಸ್ವಲ್ಪ ಓದಿ ಹೇಳಿದೆ. ಅವರು ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಇವತ್ತಿಗೂ ಮದುವೆ ಮನೆಯಲ್ಲಿ ಆರತಿ ಹೊತ್ತಿಗೆ ತಾವಾಗಿಯೇ ಬಾಗಿಲ ಹಿಂದಕ್ಕೆ ಸರಿಯುತ್ತಾರೆ, ಯಾರೂ ಹೇಳಬೇಕಾಗಿಲ್ಲ. ಫಣಿಯಮ್ಮ 112 ವರ್ಷ ಬದುಕಿದರು ಎಂದು ಓದಿದಾಗ ನಾನು ಆಶ್ಚರ್ಯದಿಂದ ಅವರ ಮುಖ ನೋಡಿದೆ. 'ಅಷ್ಟು ವರ್ಷಾನಾ? ಅಯ್ಯೋ ಪಾಪ' ಅಂದರು. ಪುಸ್ತಕ ಹೊಗಳುವವರೆಲ್ಲ ಫಣಿಯಮ್ಮನ ತಾಳ್ಮೆ ಹೊಗಳುತ್ತಾರೆ. ದೊಡ್ಡತ್ತೆಯ ಅಭಿಪ್ರಾಯ ಕೇಳಿದ ಮೇಲೆ ನನಗೆ ತಾಳ್ಮೆ ಅನ್ನುವ ಮಾತು ಅಷ್ಟು ಸುಲಭವಾಗಿ ಬಾಯಿಗೆ ಬರುವುದಿಲ್ಲ.

ಇನ್ನು ತ್ರಿವೇಣಿಯವರ 'ಶರಪಂಜರ'. 1971ರಲ್ಲಿ ಪುಟ್ಟಣ್ಣ ಕಣಗಾಲರ ಸಿನಿಮಾ ಬಂದ ಮೇಲೆ ಎಲ್ಲರೂ ಕಲ್ಪನಾ ಅವರನ್ನೇ ನೆನೆಯುತ್ತಾರೆ. ನನ್ನ ಮಾತು ಕೇಳಿ, ಪುಸ್ತಕ ಓದಿ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ 1963ರಲ್ಲಿ ಹೆರಿಗೆಯಾದ ಕೆಲವೇ ದಿನಕ್ಕೆ ತೀರಿಕೊಂಡರು, ಆಗ ಅವರಿಗೆ 34 ವರ್ಷ. ಬಾಣಂತಿಯ ಮನಸ್ಸು ಕೆಡುವ ಕತೆ ಬರೆದವರಿಗೆ ಬಾಣಂತನವೇ ಮುಳುವಾಯಿತು.

ನಮ್ಮ ಬೀದಿಯಲ್ಲೇ ಒಬ್ಬ ಹುಡುಗಿಗೆ ಎರಡನೇ ಹೆರಿಗೆಯಾದ ಮೇಲೆ ಹಾಗೇ ಆಯಿತು. ನಿದ್ದೆಯಿಲ್ಲ, ಮಗುವನ್ನು ಕಂಡರೆ ಹೆದರಿಕೆ, ಒಬ್ಬಳೇ ಮಾತು. ನಮ್ಮ ಕಡೆ ಇದಕ್ಕೆ ಬಾಣಂತಿ ಸನ್ನಿ ಅಂತಾರೆ. ತಾಯಿತ ಕಟ್ಟಿಸಿದ್ದೂ ಆಯಿತು. ಅವಳ ತಮ್ಮ ಹಟ ಹಿಡಿದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ; ಗುಳಿಗೆ, ನಿದ್ದೆ, ಆರೈಕೆ, ಕೆಲವು ತಿಂಗಳಲ್ಲಿ ಹುಡುಗಿ ಮೊದಲಿನಂತಾದಳು. ಇದು ವಾಸಿಯಾಗುವ ಕಾಯಿಲೆ, ತಡ ಮಾಡಬಾರದು ಅಷ್ಟೇ. ಆದರೆ ಕತೆ ಮುಗಿಯುವುದು ಅಲ್ಲಿ ಅಲ್ಲವಲ್ಲ! ಅವಳು ನಕ್ಕರೆ ನೋಡುತ್ತಾರೆ, ಸುಮ್ಮನಿದ್ದರೂ ನೋಡುತ್ತಾರೆ. ಮಗುವನ್ನು ಎತ್ತಿಕೊಂಡರೆ ಅತ್ತೆ ಹಿಂದೆಯೇ ಬರುತ್ತಾರೆ. ತ್ರಿವೇಣಿಯವರ ಕಾವೇರಿಗೂ ಇದೇ ಅಲ್ಲವೇ ಆದದ್ದು? ಆಸ್ಪತ್ರೆ ಗುಣ ಮಾಡಿ ಕಳಿಸಿತು, ಮನೆ ಒಪ್ಪಲಿಲ್ಲ.

ಒಂದು ದಿನ ಅವಳು ಬಂದು ಆ ಪುಸ್ತಕ ಕೇಳಿದಳು. ಕೊಡಬೇಡ, ಮತ್ತೆ ಕೆರಳೀತು ಎಂದು ನಮ್ಮನೆಯವರು ಕಣ್ಣಲ್ಲೇ ಹೇಳಿದರು. ಓದುವವಳು ಅವಳು, ತಡೆಯೋಕೆ ನಾನ್ಯಾರು? ಕೊಟ್ಟೆ. ಮೂರನೇ ದಿನಕ್ಕೆ ವಾಪಸು ತಂದಳು. 'ಅಕ್ಕಾ, ಇದನ್ನ ನಮ್ಮತ್ತೆಗೆ ಓದಿ ಹೇಳ್ರಿ. ಅವರಿಗೆ ಓದೋಕೆ ಬರಲ್ಲ' ಅಂದಳು. ಓದಿದೆ, ಹತ್ತು ಹನ್ನೆರಡು ಮಧ್ಯಾಹ್ನ. ಆ ಅತ್ತೆ ಅವರೆಕಾಯಿ ಸುಲಿಯುತ್ತಾ ಕೇಳಿದರು, ಒಳ್ಳೇದೂ ಅನ್ನಲಿಲ್ಲ ಕೆಟ್ಟದೂ ಅನ್ನಲಿಲ್ಲ. ನಾಯಕನಹಟ್ಟಿ ಜಾತ್ರೆ ಬಂತು. ತೇರಿಗೆ ಹೊರಟ ಆಕೆ ಕೂಸನ್ನು ಸೊಸೆಯ ಕೈಗೆ ಕೊಟ್ಟು, 'ಸಂಜಿಕ್ ಬರ್ತೀನಿ, ನೋಡ್ಕ' ಅಂದು ಬಸ್ಸು ಹತ್ತಿದರು. ಬೀದಿಯವರೆಲ್ಲ ನೋಡಿದ್ದೇವೆ.

ಉಳಿದ ಪುಸ್ತಕಗಳ ಮಾತು ಬೇಗ ಹೇಳಿಬಿಡುತ್ತೇನೆ. ಡಾ. ಅನುಪಮಾ ನಿರಂಜನ ಅವರ 'ತಾಯಿ-ಮಗು' ಬಸುರಿಯರಿಗೆ ಧೈರ್ಯ ಕೊಡುವ ಪುಸ್ತಕ, ತವರಿನಿಂದ ಕೊಡುವ ಕುಪ್ಪಸದ ಜೊತೆ ಇಡಬಹುದು; ಚುಚ್ಚುಮದ್ದಿನ ವಿಷಯಕ್ಕೆ ಮಾತ್ರ ಈಗಿನ ಆಸ್ಪತ್ರೆಯ ಕಾರ್ಡನ್ನೇ ನೋಡಿ. ನಮ್ಮ ತಾಲ್ಲೂಕಿನವರೇ ಆದ ಬೆಳಗೆರೆ ಕೃಷ್ಣಶಾಸ್ತ್ರಿಗಳ 'ಯೇಗ್ದಾಗೆಲ್ಲಾ ಐತೆ' ಓದಿದಾಗ, ನಾವು ಆಡುವ ಮಾತನ್ನೂ ಹೀಗೆ ಪುಸ್ತಕದಲ್ಲಿ ಅಚ್ಚು ಹಾಕಬಹುದಾ ಎಂದು ಖುಷಿಯಾಯಿತು. ಯಲಗಟ್ಟಿ ಗೊಲ್ಲರಹಟ್ಟಿಯ ನಾಡೋಜ ಸಿರಿಯಜ್ಜಿಗಂತೂ ಅಕ್ಷರವೇ ಬರುತ್ತಿರಲಿಲ್ಲ, ಆಕೆಯ ಬಾಯಿಂದ ಬಂದ ಪದಗಳು ಪುಸ್ತಕವಾದವು. ತೇಜಸ್ವಿಯವರ 'ಕರ್ವಾಲೊ' ನಮ್ಮ ಹುಡುಗ ಎರಡು ಸಲ ಓದಿದ. ಓತಿಕ್ಯಾತದ ಹಿಂದೆ ಅಷ್ಟು ಜನ ಕಾಡು ಅಲೆದದ್ದು ನನಗೂ ಹಿಡಿಸಿತು.

ಬಾನು ಮುಷ್ತಾಕ್ ಅವರ ಕತೆಗಳಿಗೆ 2025ರ ಮೇನಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ, ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಬೂಬಮ್ಮ ಪೇಪರು ಹಿಡಿದು ಬಂದು ಫೋಟೋ ತೋರಿಸಿದರು. ಇಬ್ಬರೂ 'ಎದೆಯ ಹಣತೆ' ಓದಿದೆವು. ಸೀಮೆಎಣ್ಣೆ ಸುರಿದುಕೊಂಡ ತಾಯಿಯನ್ನು ಮಗಳು ತಡೆಯುವ ಜಾಗದಲ್ಲಿ ನಾನು ಪುಸ್ತಕ ಮುಚ್ಚಿ ಎದ್ದು ಹೋದೆ. ಆಮೇಲೆ ಬಂದು ಮುಗಿಸಿದೆ. ಕನ್ನಡದಲ್ಲಿ ಇಷ್ಟು ವರ್ಷ ಇದ್ದ ಕತೆಗಳನ್ನು ದೀಪಾ ಭಸ್ತಿಯವರು ಇಂಗ್ಲಿಷಿಗೆ ಕೊಂಡೊಯ್ದು ಪ್ರಶಸ್ತಿ ಬಂದ ಮೇಲೆ ನಾವು ಹುಡುಕಿ ಓದಿದೆವಲ್ಲ, ಇದಕ್ಕೇನಂತೀರಿ?

ಹಿಡಿಸದ ಪುಸ್ತಕಗಳೂ ಇವೆ. ಮುನ್ನೂರು ಪುಟ ಹೆಂಡತಿಯನ್ನು ಅಳಿಸಿ, ಕೊನೆಯ ಎರಡು ಪುಟದಲ್ಲಿ ಗಂಡ 'ನನ್ನನ್ನು ಕ್ಷಮಿಸು' ಅಂದ ಕೂಡಲೇ ಕಾಫಿ ತರಲು ಒಳಗೆ ಹೋಗುವ ಕಾದಂಬರಿಗಳು ನನಗೆ ಸಾಕಾಗಿವೆ. ಹೆಸರು ಹೇಳುವುದಿಲ್ಲ, ನಿಮಗೆ ಗೊತ್ತಿರುತ್ತದೆ. ನಾದಿನಿಗೆ ಅವೇ ಇಷ್ಟ. 'ಕತೇಲಾದ್ರೂ ಕ್ಷಮಿಸು ಅಂತಾರಲ್ಲ ಅತ್ತಿಗೆ' ಅಂತಾಳೆ.

ಇಷ್ಟೆಲ್ಲ ಪುಸ್ತಕ ಎಲ್ಲಿಂದ ಅಂದಿರಾ? ಅರ್ಧ ಗ್ರಂಥಾಲಯದಿಂದ. 1965ರ ಕಾಯಿದೆಯಿಂದ ಬಂದ ವ್ಯವಸ್ಥೆ ಅದು. ಮನೆ ಕಂದಾಯದ ರಸೀತಿ ತೆಗೆದು ನೋಡಿ, ಗ್ರಂಥಾಲಯ ಕರ ಅಂತ ನೀವೇ ಕಟ್ಟಿರುತ್ತೀರಿ. ಕಟ್ಟಿದ ಮೇಲೆ ಒಳಗೆ ಹೋಗಿ ಕೇಳಲು ಸಂಕೋಚವೇಕೆ?

ಮುಂದಿನ ವಾರ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಬಸ್ಸು ಹತ್ತಬೇಕು. ಎಷ್ಟು ದಪ್ಪ ಅಂತ ನಾದಿನಿಗೆ ಹೇಳಿದೆ. 'ಅದು ಮುಗಿಯೋದ್ರೊಳಗೆ ಎಷ್ಟು ಸೀರೆ ಇಳೀತಾವೆ ಅತ್ತಿಗೆ?' ಅಂತ ಕೇಳಿದಳು. ಎರಡಾದರೂ ಇಳಿದಾವು ಅಂದಿದ್ದೇನೆ.