ಮುಗಿಯದ ಕ್ವೆರಿಗಳ ಲೆಕ್ಕ

ಜನ ಬೈಯುತ್ತಿದ್ದಾರೆ, ಗ್ರಾಫ್ ಮಾತ್ರ ಶಹಬ್ಬಾಸ್ ಅನ್ನುತ್ತಿದೆ. ಇದು ಹೇಗೆ?

ಅಕ್ಕನ ಮಗಳು ಹೆಬ್ಬಾಳದ ಕಡೆಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತಾಳೆ. ಲಾಡ್ಜು, ಹೋಂಸ್ಟೇಗಳ ರೂಮ್ ಬುಕ್ ಮಾಡುವ ಸಾಫ್ಟ್‌ವೇರ್ ಅವರದು. ವಾರದಲ್ಲಿ ಕೆಲವು ದಿನ ಕುವೆಂಪುನಗರದ ನಮ್ಮ ಮನೆಯ ಊಟದ ಮೇಜೇ ಅವಳ ಆಫೀಸು. ದಸರಾ ಹತ್ತಿರ ಬಂದಂತೆ ರೂಮ್ ಹುಡುಕುವವರು ಹೆಚ್ಚಿದರು, ‘ಪೇಜ್ ಓಪನ್ ಆಗ್ತಿಲ್ಲ’ ಎಂಬ ದೂರುಗಳೂ ಹೆಚ್ಚಿದವು. ಅದೇ ವಾರ ಕ್ವೆರಿಗಳ ಸರಾಸರಿ ವೇಳೆ ತೋರಿಸುವ ಗೆರೆ ಕೆಳಗಿಳಿಯಿತು. ಇಳಿದರೆ ಒಳ್ಳೆಯದಂತೆ. ಮ್ಯಾನೇಜರ್ ವಾಟ್ಸಾಪ್ ಗ್ರೂಪಿನಲ್ಲಿ ಹೆಬ್ಬೆರಳೆತ್ತಿದರು. ಇವಳು ಮಾತ್ರ ಹುಬ್ಬು ಗಂಟಿಕ್ಕಿ ಕೂತಿದ್ದಾಳೆ.

ನಾನು ಬ್ಯಾಂಕಿನಲ್ಲಿ ಸವೆದವನು. ಎರಡು ಕಡೆಯ ಮೊತ್ತ ತಾಳೆಯಾಗದಿದ್ದರೆ ಮ್ಯಾನೇಜರೂ ಮನೆಗೆ ಹೋಗದ ಕಾಲದವನು. ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತೆ.

*

ಮೊದಲು ಇಷ್ಟು ತಿಳಿದುಕೊಂಡೆ. ಡೇಟಾಬೇಸ್ ಪೋಸ್ಟ್‌ಗ್ರೆಸ್. ಅದರ ಮುಂದಿಡುವ ಒಂದೊಂದು ಕೋರಿಕೆಯೂ ಒಂದು ಕ್ವೆರಿ. ಯಾವ ಕ್ವೆರಿ ಎಷ್ಟು ಸಲ ಓಡಿತು, ಒಟ್ಟು ಎಷ್ಟು ಮಿಲಿಸೆಕೆಂಡ್ ತಿಂದಿತು, ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂದು ಬರೆದಿಡಲು ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್ ಎಂಬ ಎಕ್ಸ್‌ಟೆನ್ಷನ್ ಇದೆ. 2009ರಲ್ಲಿ 8.4ನೇ ಆವೃತ್ತಿಯ ಜೊತೆ ಬಂದದ್ದು. ಬರೆದವರು ಟಕಾಹಿರೊ ಇಟಗಾಕಿ. ಆಗ ಅದು 41ನೇ ಗ್ರಾಹಕನ ವಿವರ ಕೇಳಿದ್ದೇ ಬೇರೆ, 42ನೆಯವನ ವಿವರ ಕೇಳಿದ್ದೇ ಬೇರೆ ಎಂದು ಎರಡು ಸಾಲು ಬರೆಯುತ್ತಿತ್ತು. 2012ರ 9.2ರಲ್ಲಿ ಪೀಟರ್ ಗೇಗನ್ ಮತ್ತಿತರರು ಅದನ್ನು ತಿದ್ದಿದರು. ಕ್ವೆರಿಯೊಳಗಿನ ಅಂಕಿಗಳನ್ನು ಕಿತ್ತು, ಉಳಿದ ಅಸ್ಥಿಪಂಜರ ಒಂದೇ ಆಗಿದ್ದರೆ ಒಂದೇ ಸಾಲಿಗೆ ಸೇರಿಸುವ ಪದ್ಧತಿ ಬಂತು. ಈಗ 41 ಇರಲಿ, 42 ಇರಲಿ, ಪರದೆಯಲ್ಲಿ ಕಾಣುವುದು $1.

ಇಷ್ಟರಮಟ್ಟಿಗೆ ಜಾಣ ಲೆಕ್ಕಿಗ. ಹಾಗಾದರೆ ತಪ್ಪುತ್ತಿರುವುದು ಎಲ್ಲಿ?

*

‘ಮಾವ, ಹೇಳಿದ್ರೆ ನಂಬಲ್ಲ ನೀವು, ತೋರಿಸ್ತೀನಿ’ ಎಂದು ಲ್ಯಾಪ್‌ಟಾಪಿನಲ್ಲಿ ಒಂದು ಖಾಲಿ ಡೇಟಾಬೇಸ್ ತೆರೆದಳು.

ಮೊದಲು ಹಳೆಯ ಲೆಕ್ಕವನ್ನೆಲ್ಲ ಅಳಿಸುವ ರೀಸೆಟ್ ಆಜ್ಞೆ. ಪಟ್ಟಿ ತೆರೆದರೆ ಖಾಲಿಯಿಲ್ಲ! ಅಳಿಸಿದ ಆಜ್ಞೆಯೇ ಮೊದಲ ಸಾಲಾಗಿ ಕೂತಿದೆ. ನಗು ಬಂತು. ಆಮೇಲೆ ‘ಸೆಟ್ ಸ್ಟೇಟ್‌ಮೆಂಟ್_ಟೈಮ್‌ಔಟ್’ ಎಂದು 5 ಸೆಕೆಂಡಿನ ಗಡುವು ಹಾಕಿದಳು. ಯಾವ ಕ್ವೆರಿಯೇ ಆಗಲಿ, 5 ಸೆಕೆಂಡ್ ದಾಟಿದರೆ ಸರ್ವರ್ ಅದನ್ನು ನಡುವೆಯೇ ನಿಲ್ಲಿಸುತ್ತದೆ. ನಂತರ ‘ಸೆಲೆಕ್ಟ್ ಪಿಜಿ_ಸ್ಲೀಪ್(10)’. 10 ಸೆಕೆಂಡ್ ಸುಮ್ಮನೆ ಮಲಗು ಎಂದರ್ಥ, ಬೇರೆ ಕೆಲಸವಿಲ್ಲ. 5 ಸೆಕೆಂಡಿಗೆ ಎರರ್ ಬಂತು: ಟೈಮ್‌ಔಟ್ ಆದ್ದರಿಂದ ರದ್ದು.

ಪಟ್ಟಿ ತೆರೆದಳು. ರೀಸೆಟ್ ಇದೆ. ಗಡುವು ಹಾಕಿದ ಸೆಟ್ ಆಜ್ಞೆ ಇದೆ. ನಾವಿಬ್ಬರೂ ಬಾಯಿಬಿಟ್ಟು ಕಾದು ನೋಡಿದ ಸ್ಲೀಪ್ ಮಾತ್ರ ಇಲ್ಲ.

ಈಗ ‘ಪಿಜಿ_ಸ್ಲೀಪ್(3)’. ಇದು ಮುಗಿಯಿತು. ಪಟ್ಟಿಯಲ್ಲಿ ‘ಪಿಜಿ_ಸ್ಲೀಪ್($1)’ ಎಂಬ ಸಾಲು ಮೂಡಿತು: ಓಡಿದ್ದು 1 ಸಲ, ಸರಾಸರಿ 3,000 ಮಿಲಿಸೆಕೆಂಡಿಗೆ ಒಂಚೂರು ಮೇಲೆ. ಮೊದಲಿನ ಐದು ಸೆಕೆಂಡ್ ಯಾರ ಖಾತೆಗೂ ಹೋಗಲಿಲ್ಲ.

ಇನ್ನೂ ಸೋಜಿಗದ ಮಾತು ಹೇಳಿದಳು. ಕ್ವೆರಿ ಬಂದ ಕೂಡಲೇ, $1 ಹಾಕಿದ ಅದರ ರೂಪವನ್ನು ಒಳಗೊಳಗೇ ಬರೆದಿಟ್ಟುಕೊಂಡಿರುತ್ತದಂತೆ, ಮುಂದೆ ‘ಓಡಿದ್ದು 0 ಸಲ’ ಎಂದು. ಆದರೆ ಸೊನ್ನೆಯ ಸಾಲುಗಳನ್ನು ಪಟ್ಟಿಯಲ್ಲಿ ತೋರಿಸುವುದಿಲ್ಲ. ಅಂದರೆ ಬಂದದ್ದು ಗೊತ್ತು, ಗೊತ್ತಿದ್ದೂ ಹೇಳುವುದಿಲ್ಲ.

*

ಕಾರಣ ಇಷ್ಟೆ: ಕ್ವೆರಿ ಓಡಿ ಮುಗಿಯುವ ಹಂತದಲ್ಲಿ ಮಾತ್ರ ಲೆಕ್ಕ ಬರೆಯುವ ಕೋಡ್ ಇದೆ. ಎರರ್ ಬಂದು ನಡುವೆ ಬಿದ್ದದ್ದು ಆ ಹಂತಕ್ಕೆ ಬರುವುದೇ ಇಲ್ಲ. ದೊಡ್ಡಕೆರೆ ಮೈದಾನದ ದಸರಾ ವಸ್ತುಪ್ರದರ್ಶನದಲ್ಲಿ ಜನರನ್ನು ಒಳಬಾಗಿಲಲ್ಲಿ ಎಣಿಸದೆ ಹೊರಬಾಗಿಲಲ್ಲಿ ಎಣಿಸಿದ ಹಾಗೆ. ಒಳಗೆ ತಲೆಸುತ್ತಿ ಬಿದ್ದವರನ್ನು ಆಂಬುಲೆನ್ಸಿನಲ್ಲಿ ಹಿಂಬಾಗಿಲಿಂದ ಸಾಗಿಸಿದರೆ ಅವತ್ತು ಯಾರಿಗೂ ತಲೆಸುತ್ತಿಲ್ಲ.

ಗ್ರಾಫ್ ಇಳಿದದ್ದೇಕೆ ಎಂಬುದು ಆಗ ಹೊಳೆಯಿತು. ದಸರಾ ನೂಕುನುಗ್ಗಲಿಗೆಂದು ಇವರ ಕಂಪನಿಯಲ್ಲಿ ಗಡುವನ್ನು 30 ಸೆಕೆಂಡಿನಿಂದ 5ಕ್ಕೆ ಇಳಿಸಿದ್ದರು. ಐದು ದಾಟಿದವೆಲ್ಲ ರದ್ದಾದವು, ರದ್ದಾದವು ಲೆಕ್ಕಕ್ಕಿಲ್ಲ, ಲೆಕ್ಕಕ್ಕೆ ಉಳಿದವೆಲ್ಲ ಚುರುಕಿನವು. ಗಡುವು ಬಿಗಿ ಮಾಡಿದಷ್ಟೂ ಸರಾಸರಿ ಸುಂದರ. ಒಂದು ಸೆಕೆಂಡಿಗೆ ಇಳಿಸಿದ್ದರೆ ಗ್ರಾಫ್ ಇನ್ನೂ ಚೆನ್ನಾಗಿ ಕಾಣುತ್ತಿತ್ತು, ರೂಮ್ ಯಾರಿಗೂ ಸಿಗುತ್ತಿರಲಿಲ್ಲ.

ಮ್ಯಾನೇಜರ್ ಹೆಬ್ಬೆರಳನ್ನು ಹಿಂದಕ್ಕೆ ಪಡೆದರೋ ಇಲ್ಲವೋ, ಕೇಳಲಿಲ್ಲ.

*

ತಾಳೆ ನೋಡಲು ಇನ್ನೊಂದು ಖಾತೆ ಇಲ್ಲವೇನಮ್ಮ, ಎಂದೆ. ಬ್ಯಾಂಕಿನ ಚಾಳಿ.

‘ಇದೆ ಮಾವ, ಯಾರೂ ನೋಡಲ್ಲ ಅಷ್ಟೆ’ ಎಂದಳು. ಪಿಜಿ_ಸ್ಟ್ಯಾಟ್_ಡೇಟಾಬೇಸ್ ಎಂಬ ಇನ್ನೊಂದು ಪಟ್ಟಿ. ಅದರಲ್ಲಿ ಎಷ್ಟು ವ್ಯವಹಾರಗಳು ಕಮಿಟ್ ಆದವು, ಎಷ್ಟು ರೋಲ್‌ಬ್ಯಾಕ್ ಆದವು ಎಂದು ಎರಡು ಅಂಕಿ. ಸ್ಲೀಪ್ ರದ್ದಾದಾಗ ಎರಡನೆಯ ಅಂಕಿ ಒಂದು ಏರುತ್ತದೆ. ಯಾವ ಕ್ವೆರಿ ಬಿತ್ತೆಂದು ಅದು ಹೇಳದು, ಬಿದ್ದದ್ದಂತೂ ನಿಜ ಎಂದು ಹೇಳುತ್ತದೆ. ಯಾವುದೆಂದು ತಿಳಿಯಲು ಸರ್ವರಿನ ಲಾಗ್ ಕೆದಕಬೇಕು. ಎರರ್ ಸಾಲಿನ ಕೆಳಗೆ ಆ ಕ್ವೆರಿಯ ಪೂರ್ತಿ ಪಠ್ಯ ಇರುತ್ತದೆ.

ಅವಳು ಲಾಗಿನಿಂದ ಟೈಮ್‌ಔಟ್ ಸಾಲುಗಳನ್ನು ಹೆಕ್ಕಿ, ಒಂದೇ ರೂಪದವನ್ನು ಗುಂಪು ಮಾಡಿ ಎಣಿಸುವ ಒಂದು ಸ್ಕ್ರಿಪ್ಟ್ ಬರೆದಳು. ಎಲ್ಲರೂ ಶಂಕಿಸಿದ್ದು ರೂಮ್ ಹುಡುಕುವ ಕ್ವೆರಿಯನ್ನು. ಲಾಗಿನಲ್ಲಿ ಮೊದಲ ಸ್ಥಾನದಲ್ಲಿದ್ದದ್ದು ದಿನವಾರು ದರ ತೋರಿಸುವ ಕ್ಯಾಲೆಂಡರಿನದು. ಗ್ರಾಫಿನ ಮೊದಲ ಪುಟದಲ್ಲೂ ಅದರ ಸುಳಿವಿರಲಿಲ್ಲ. ಅದಕ್ಕೊಂದು ಇಂಡೆಕ್ಸ್ ಹಾಕಿದರು, ಮುಗಿಯಿತು. ಆ ದುರಸ್ತಿ ದೊಡ್ಡದಲ್ಲ. ಯಾವುದನ್ನು ದುರಸ್ತಿ ಮಾಡಬೇಕೆಂದು ತಿಳಿಯುವುದೇ ದೊಡ್ಡದಾಗಿತ್ತು.

*

ಇನ್ನೊಂದು ಒಗಟು. ಏರಲೇಬೇಕಾದ ಅಂಕಿ ಇಳಿದಿದೆ.

ಒಂದು ಕ್ವೆರಿ ಇಲ್ಲಿಯತನಕ ಎಷ್ಟು ಸಲ ಓಡಿತು ಎಂಬುದು ಕೂಡುತ್ತಲೇ ಹೋಗುವ ಲೆಕ್ಕ. ರೀಸೆಟ್ ಮಾಡದೆ ಅದು ಇಳಿಯುವುದುಂಟೆ? ಆದರೆ ಒಂದು ಸಾಲಿನಲ್ಲಿ ನಿನ್ನೆ ನಾಲ್ಕಂಕಿ ಇದ್ದದ್ದು ಇವತ್ತು ಎರಡಂಕಿ. ಯಾರೂ ರೀಸೆಟ್ ಮಾಡಿಲ್ಲ. ಸರ್ವರ್ ಕ್ರ್ಯಾಶ್ ಆದರೂ ಈ ಲೆಕ್ಕ ಅಳಿಸಿಹೋಗುತ್ತದೆ, ಏಕೆಂದರೆ ಸರಿಯಾಗಿ ಮುಚ್ಚಿದಾಗ ಮಾತ್ರ ಅದು ಡಿಸ್ಕಿಗೆ ಇಳಿಯುವುದು. ಆದರೆ ಸರ್ವರ್ ಕ್ರ್ಯಾಶ್ ಆಗಿಲ್ಲ. ಉಳಿದ ಸಾಲುಗಳು ಗಟ್ಟಿಯಾಗಿವೆ.

ಉತ್ತರ ಪಟ್ಟಿಯ ಉದ್ದದಲ್ಲಿತ್ತು. ಹೇಳದೆ ಬಿಟ್ಟರೆ ಪೋಸ್ಟ್‌ಗ್ರೆಸ್ 5,000 ಬಗೆಯ ಕ್ವೆರಿಗಳ ಲೆಕ್ಕವನ್ನಷ್ಟೇ ಇಡುತ್ತದೆ. ಅದು ತುಂಬಿ ಹೊಸದೊಂದು ಬಂದರೆ, ಕಡಿಮೆ ಸಲ ಓಡಿದವನ್ನು ಆರಿಸಿ ನೂರಕ್ಕೆ ಐದರಂತೆ ಎಸೆಯುತ್ತದೆ. ಎಸೆದ ಕ್ವೆರಿ ನಾಳೆ ಮತ್ತೆ ಬಂದರೆ ಹೊಸದಾಗಿ ಒಂದರಿಂದ ಎಣಿಕೆ.

ಇಲ್ಲಿ ನನಗೆ ಒಪ್ಪಿಗೆಯಾಗದ್ದು ಎಸೆಯುವುದಲ್ಲ. ಮೆಮೊರಿ ಅಕ್ಷಯಪಾತ್ರೆಯಲ್ಲ, ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಆರಿಸುವ ರೀತಿ ನೋಡಿ: ಎಷ್ಟು ಹೊತ್ತು ತಿಂದಿತು ಎಂದು ಕೇಳುವುದಿಲ್ಲ, ಎಷ್ಟು ಸಲ ಬಂತು ಎಂದಷ್ಟೇ ಕೇಳುತ್ತದೆ. ತಿಂಗಳಿಗೊಮ್ಮೆ ಓಡಿ ಇಡೀ ಸರ್ವರನ್ನು ಏದುಸಿರು ಬಿಡಿಸುವ ಕಮಿಷನ್ ರಿಪೋರ್ಟ್ ಮೊದಲು ಹೊರಗೆ. ನಿಮಿಷಕ್ಕೆ ನೂರು ಸಲ ಬಂದು ‘ಇದ್ದೀಯಾ?’ ಎಂದು ಕೇಳಿ ಹೋಗುವ ಪುಟಗೋಸಿ ಕ್ವೆರಿ ಖಾಯಂ ಸದಸ್ಯ. ನಿಧಾನದ ಕ್ವೆರಿ ಹಿಡಿಯಲೆಂದೇ ಇಟ್ಟ ಪಟ್ಟಿ ನಿಧಾನದ್ದನ್ನೇ ಮೊದಲು ಮರೆಯುತ್ತದೆ.

ಎಷ್ಟು ಸಲ ಹೀಗೆ ಎಸೆಯಿತು ಎಂಬ ಅಂಕಿಯಾದರೂ ಇದೆಯೇ? ಈಗ ಇದೆ, ‘ಡೀಅಲಾಕ್’ ಎಂಬ ಕಾಲಂ. 2021ರ 14ನೇ ಆವೃತ್ತಿಯಲ್ಲಿ ಬಂತು. 2009ರಿಂದ ಅಲ್ಲಿಯವರೆಗೆ ಹನ್ನೆರಡು ವರ್ಷ, ಸಾಲುಗಳು ಉದುರುತ್ತಿದ್ದದ್ದು ಪಟ್ಟಿ ನೋಡಿದವರಿಗೆ ಕಾಣುತ್ತಿರಲಿಲ್ಲ. ಇವರ ಸರ್ವರ್ 16ನೇ ಆವೃತ್ತಿ. ಡೀಅಲಾಕ್ ನೋಡುತ್ತಿದ್ದಂತೆ ಏರುತ್ತಿತ್ತು.

*

ಒಂದು ಸಣ್ಣ ಕಂಪನಿಯ ಸಾಫ್ಟ್‌ವೇರಿನಲ್ಲಿ 5,000 ಬಗೆಯ ಕ್ವೆರಿ ಎಲ್ಲಿಂದ ಬಂತು? ಬರೆದವರೇ ನಾಲ್ಕು ಜನ!

ಅವಳು ಪಟ್ಟಿಯನ್ನು ಕೆಳಗೆ ಜಾರಿಸಿದಳು. ಒಂದೇ ಕ್ವೆರಿ, ಮತ್ತೆ ಅದೇ, ಮತ್ತೆ ಅದೇ. ಕೊನೆಯ ಕಂಸದೊಳಗೆ ಮಾತ್ರ ವ್ಯತ್ಯಾಸ. ಒಂದರಲ್ಲಿ $1, $2. ಮುಂದಿನದರಲ್ಲಿ $1, $2, $3. ಅದರ ಮುಂದಿನದು ಪರದೆಯಾಚೆ ಹರಿದುಹೋಗಿದೆ. ‘ಈ ಲಾಡ್ಜುಗಳಲ್ಲಿ, ಈ ಬಗೆಯ ರೂಮು’ ಎಂದು ಹುಡುಕುವಾಗ ‘ಇನ್’ ಎಂದು ಬರೆದು ಕಂಸದಲ್ಲಿ ಸಂಖ್ಯೆಗಳ ಸಾಲು ಕೊಡುತ್ತಾರೆ. ಅಂಕಿ ಯಾವುದಾದರೂ ಅಡ್ಡಿಯಿಲ್ಲ, ಆದರೆ ಎಷ್ಟು ಅಂಕಿ ಎಂಬುದು ಬದಲಾದರೆ ಹೊಸ ಕ್ವೆರಿಯೆಂದೇ ಲೆಕ್ಕ. ಒಂದೇ ಕ್ವೆರಿಯಲ್ಲಿ ಇಂಥ ಕಂಸ ಎರಡಿದ್ದು, ಒಂದರಲ್ಲಿ 1ರಿಂದ 70, ಇನ್ನೊಂದರಲ್ಲಿ 1ರಿಂದ 70 ಅಂಕಿಗಳು ಬರಬಹುದಾದರೆ? 70 ಗುಣಿಸು 70, 4,900. ಐದು ಸಾವಿರದ ಜಾಗವನ್ನು ಒಂದೇ ಕ್ವೆರಿ ವೇಷ ಬದಲಿಸಿ ಬದಲಿಸಿ ನುಂಗಿಬಿಡಬಹುದು.

2012ರಲ್ಲಿ ಬಿಡಿಸಿದ ಗಂಟಿನ ಇನ್ನೊಂದು ಎಳೆ ಇದು. ತುದಿ ಸಿಕ್ಕಿದ್ದು 2025ರ ಸೆಪ್ಟೆಂಬರಿನಲ್ಲಿ ಬಂದ 18ನೇ ಆವೃತ್ತಿಯಲ್ಲಿ: ಕಂಸದಲ್ಲಿ ಎಷ್ಟೇ ಅಂಕಿ ಇರಲಿ, ಒಂದೇ ಸಾಲು.

*

ಮೈಎಸ್‌ಕ್ಯೂಎಲ್ ಬಳಸುವ ಅವಳ ಗೆಳತಿ ಸಂಜೆ ಬಂದಿದ್ದಳು, ಕಾಫಿಗೆ. ಅಲ್ಲಿ ಜಾಗ ತುಂಬಿದರೆ ಹಳೆಯದನ್ನು ಎಸೆಯುವುದಿಲ್ಲವಂತೆ. ಹೊಸದಾಗಿ ಬಂದವನ್ನೆಲ್ಲ ಹೆಸರಿಲ್ಲದ ಒಂದೇ ಸಾಲಿಗೆ ತುಂಬುತ್ತದೆ. ಒಟ್ಟು ಮೊತ್ತ ಉಳಿಯುತ್ತದೆ, ಯಾರದೆಂದು ತಿಳಿಯುವುದಿಲ್ಲ. ಅಲ್ಲದೆ ಕ್ವೆರಿಯ ಗುರುತು ಹಿಡಿಯಲು ಮೊದಲ 1,024 ಬೈಟ್‌ನಷ್ಟನ್ನು ಮಾತ್ರ ನೋಡುತ್ತದೆ. ಉದ್ದನೆಯ ಎರಡು ಕ್ವೆರಿಗಳ ತಲೆ ಒಂದೇ ಆಗಿದ್ದರೆ ಬಾಲ ಬೇರೆಯಾದರೂ ಒಂದೇ ಖಾತೆ. ಬೇಕೆಂದರೆ ಮಿತಿ ಏರಿಸಬಹುದು.

ಯಾವುದು ಮೇಲು? ನನ್ನ ಮತ ಮೈಎಸ್‌ಕ್ಯೂಎಲ್‌ಗೆ. ಇತರೆ ಎಂಬ ಬಾಬ್ತು ಇದ್ದರೆ ಕಡೇಪಕ್ಷ ಮೊತ್ತ ಕೂಡಿಬರುತ್ತದೆ. ಅಕ್ಕನ ಮಗಳು ಒಪ್ಪಲಿಲ್ಲ. ‘ಇತರೆ ಅಂತ ತೋರಿಸಿದ್ರೆ ನಾನೇನು ಇತರೆಗೆ ಇಂಡೆಕ್ಸ್ ಹಾಕ್ಲಾ ಮಾವ?’ ಎಂದಳು. ಕಾಫಿ ಮುಗಿದರೂ ವಾದ ಮುಗಿಯಲಿಲ್ಲ.

*

ಅವಳು ಮಾಡಿದ್ದನ್ನು ಗುರುತು ಹಾಕಿಕೊಂಡೆ. ಕಂಸದ ಸಾಲುಗಳಿದ್ದ ಕ್ವೆರಿಗಳನ್ನು ಬದಲಿಸಿದಳು: ಬಿಡಿ ಅಂಕಿಗಳ ಬದಲು ಇಡೀ ಪಟ್ಟಿಯನ್ನು ಒಂದು ಅರೇ ಮಾಡಿ, ‘ಎನಿ’ ಎಂದು ಬರೆದು ಒಂದೇ $1 ಆಗಿ ಕಳಿಸುವುದು. ಪಟ್ಟಿಯ ಮಿತಿಯನ್ನು 10,000ಕ್ಕೆ ಏರಿಸಿದಳು. ಇದಕ್ಕೆ ಸರ್ವರ್ ರೀಸ್ಟಾರ್ಟ್ ಬೇಕು, ಹಾಗಾಗಿ ನಡುರಾತ್ರಿಯ ಕೆಲಸ. ಆಮೇಲೆ ಡೀಅಲಾಕ್ ನಿಂತಿತು.

ಗ್ರಾಫಿನ ಲೆಕ್ಕವೂ ಬದಲಾಯಿತು. ಹಿಂದಿನ ರೀಸೆಟ್‌ನಿಂದ ಇಲ್ಲಿಯವರೆಗಿನ ಸರಾಸರಿ ಬಿಟ್ಟು, ನಿಮಿಷಕ್ಕೊಮ್ಮೆ ಪಟ್ಟಿಯ ನಕಲು ತೆಗೆದು, ಎರಡು ನಕಲುಗಳ ವ್ಯತ್ಯಾಸ. ಅದರ ಪಕ್ಕದಲ್ಲೇ ಎರಡು ಹೊಸ ಗೆರೆ: ರೋಲ್‌ಬ್ಯಾಕ್, ಮತ್ತು ಲಾಗಿನಿಂದ ಎಣಿಸಿದ ಟೈಮ್‌ಔಟ್. ಈಗ ಗ್ರಾಫ್ ಮೊದಲಿನಷ್ಟು ಚೆಂದವಿಲ್ಲ. ಜನರ ದೂರು ಏರಿದಾಗ ಅದೂ ಏರುತ್ತದೆ.

ಫಂಕ್ಷನ್ ಒಳಗೆ ಓಡುವ ಕ್ವೆರಿಗಳೂ ಎಣಿಕೆಗೆ ಬರಲೆಂದು ‘ಟಾಪ್’ ಇದ್ದ ಆಯ್ಕೆಯನ್ನು ‘ಆಲ್’ ಮಾಡಿ ನೋಡಿದಳು. ಬಂದವು. ಆದರೆ ಹೊರಗಿನ ಕ್ವೆರಿಯ ವೇಳೆಯಲ್ಲಿ ಒಳಗಿನದೂ ಸೇರಿರುವುದರಿಂದ ಮೊತ್ತ ಕೂಡಿದರೆ ಎರಡೆರಡು ಸಲ. ಬೇರ್ಪಡಿಸಲು ‘ಟಾಪ್‌ಲೆವೆಲ್’ ಎಂಬ ಕಾಲಂ ಇದೆ. ಅದನ್ನು ಮರೆತು ಕೂಡಿದ ಸಹೋದ್ಯೋಗಿಯೊಬ್ಬ ಸರ್ವರಿಗೆ ದಿನಕ್ಕೆ 24 ಗಂಟೆ ಸಾಲುತ್ತಿಲ್ಲವೆಂದು ವರದಿ ಕೊಡುವುದರಲ್ಲಿದ್ದನಂತೆ.

*

18ಕ್ಕೆ ಹೋದರೆ ಕಂಸದ ತೊಂದರೆ ತಾನಾಗಿ ಹೋಗುತ್ತದಲ್ಲ, ಯಾಕೆ ಹೋಗಬಾರದು ಎಂದು ಕೇಳಿದೆ. ಇನ್ನು ದಸರಾ ಮುಗಿಯುವ ತನಕ ಯಾರೂ ಸರ್ವರ್ ಮುಟ್ಟುವ ಹಾಗಿಲ್ಲ. ಮುಗಿದ ಮೇಲೂ ಒಂದು ತೊಡಕಿದೆ: ಪ್ರತಿ ಕ್ವೆರಿಗೂ ಪೋಸ್ಟ್‌ಗ್ರೆಸ್ ಕೊಡುವ ಗುರುತಿನ ಸಂಖ್ಯೆ ದೊಡ್ಡ ಆವೃತ್ತಿ ಬದಲಾದಾಗ ಹಾಗೇ ಉಳಿಯುತ್ತದೆಂಬ ಭರವಸೆಯಿಲ್ಲ. ನಿಮಿಷಕ್ಕೊಂದರಂತೆ ಕೂಡಿಟ್ಟ ನಕಲುಗಳೆಲ್ಲ ಆ ಸಂಖ್ಯೆಯ ಮೇಲೆಯೇ ನಿಂತಿವೆ. ಹಳೆಯ ಗುರುತಿಗೂ ಹೊಸ ಗುರುತಿಗೂ ಗಂಟು ಹಾಕುವ ಸ್ಕ್ರಿಪ್ಟ್ ಯಾರು ಬರೆಯಬೇಕೆಂದು ಸೋಮವಾರದ ಮೀಟಿಂಗಿನಲ್ಲಿ ತೀರ್ಮಾನವಂತೆ. ಉಳಿದ ಮೂವರೂ ಆ ದಿನ ರಜೆ ಹಾಕಿದ್ದಾರೆ.