ಮೊದಲ ಬನ್ನಿ ಯಾರಿಗೆ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಸುದ್ದಿಗಾಗಿ ತಿರುಗುವ ನಮಗೆ ಈ ನಾಲ್ಕೂ ಊರಿನ ಕೋರ್ಟಿನ ಮುಂದೆ ಕೇಳುವುದು ಒಂದೇ ನಮೂನೆಯ ಜಗಳ: ಹೊಲದ ದಾರಿ, ಒಡ್ಡು, ಅಣ್ಣ-ತಮ್ಮಂದಿರ ಪಾಲು. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದಕ್ಕೆ ಕೋರ್ಟಿನ ಡಿಕ್ರಿಯಷ್ಟೇ ಬಲ, ಕಟ್ಟಿದ ಫೀ ವಾಪಸ್. ಒಳ್ಳೆಯದೇ. ಆದರೆ ಸಹಿ ಹಾಕಿದವರು ಒಂದೇ ಬಸ್ಸಿನಲ್ಲಿ ಊರಿಗೆ ಬಂದರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಪಾಲು ಆಯಿತು, ಮಾತು ಶುರುವಾಗಲಿಲ್ಲ.

ಮಾತು ಶುರು ಮಾಡಲೆಂದೇ ನಮ್ಮಲ್ಲಿ ಒಂದು ದಿನ ಇದೆ. ದಸರೆಗೆ ಬನ್ನಿ ಕೊಟ್ಟು 'ಬಂಗಾರದಂಗ ಇರೋಣ' ಅನ್ನುತ್ತೇವೆ. ಈಗ ಅದನ್ನು ಗೆಳೆಯರಿಗೆ ಕೊಡುತ್ತೇವೆ, ಉಳಿದವರಿಗೆ ವಾಟ್ಸಾಪ್‌ನಲ್ಲಿ ಫೋಟೋ. ಮಾತು ಬಿಟ್ಟವರ ಮನೆ ಮಾತ್ರ ದಾಟಿ ಹೋಗುತ್ತೇವೆ.

ಯೆಹೂದಿಗಳಿಗೂ ಇಂಥ ದಿನವಿದೆ. ಅವರ ಹೊಸ ವರ್ಷದ ಹತ್ತನೇ ದಿನ ಯೋಮ್ ಕಿಪ್ಪುರ್, ಉಪವಾಸ ಮಾಡಿ ಕ್ಷಮೆ ಬೇಡುವ ದಿನ. 2025ರಲ್ಲಿ ಅದೂ ನಮ್ಮ ವಿಜಯದಶಮಿಯೂ ಅಕ್ಟೋಬರ್ 2ರಂದೇ ಬಂದವು. ಅವರ ನಿಯಮ ಬಿಗಿ. ಮನುಷ್ಯನಿಗೆ ಮಾಡಿದ ತಪ್ಪನ್ನು ದೇವರು ಮನ್ನಿಸುವುದಿಲ್ಲ, ಆ ಮನುಷ್ಯನ ಹತ್ತಿರವೇ ಹೋಗಬೇಕು. ಬಸವಣ್ಣನವರ ಶತಮಾನದಲ್ಲೇ, ಅಂದರೆ 12ನೇ ಶತಮಾನದಲ್ಲಿ, ಬಾಳಿದ ಪಂಡಿತ ಮೈಮೊನಿಡಿಸ್ ಇದನ್ನು ಬಿಡಿಸಿ ಬರೆದ: ಒಪ್ಪದಿದ್ದರೆ ಅವನ ಗೆಳೆಯರು ಮೂವರನ್ನು ಕರೆದುಕೊಂಡು ಹೋಗು. ಮೂರು ಸಲವೂ ಒಪ್ಪದಿದ್ದರೆ ಬಿಡು, ಮುಂದಿನ ತಪ್ಪು ಅವನದು.

ಆದರೆ ಸಿಟ್ಟು ಹೊತ್ತುಕೊಂಡೇ ಹೋದರೆ ಬಾಗಿಲಲ್ಲೇ ಹೊಸ ಜಗಳ. ಅದಕ್ಕೆ ಜಪಾನಿನ ಝೆನ್ ಸಾಧಕರು ಮೊದಲು ಸುಮ್ಮನೆ ಕೂಡುತ್ತಾರೆ. ಬೆನ್ನು ನೆಟ್ಟಗೆ, ಗಮನ ಉಸಿರಿನ ಮೇಲೆ. ಬಂದ ವಿಚಾರದ ಬೆನ್ನು ಹತ್ತುವುದಿಲ್ಲ, ಅದನ್ನು ತಳ್ಳುವುದೂ ಇಲ್ಲ. ನಮಗೇನು ಇದು ಹೊಸದಲ್ಲ. ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ದೃಷ್ಟಿ ನಿಲ್ಲಿಸಿ ಕೂಡುವವರು ಬಾಗೇವಾಡಿ ಸುತ್ತ ಮನೆಮನೆಯಲ್ಲಿದ್ದಾರೆ. ಹಾಗೆ ಕೂತಾಗ ಮೊದಲು ಎದುರಿನವನ ತಪ್ಪುಗಳೇ ಸಾಲುಗಟ್ಟುತ್ತವೆ. ಅವು ಮುಗಿದ ಮೇಲೆ, ಅವನಿಗೂ ಸಾಲ ಇದೆ, ಮಗಳ ಮದುವೆ ಇದೆ ಅನ್ನುವುದು ಕಾಣುತ್ತದೆ.

ಒಂದು ಮಾತು. ಬಡಿದಾಟ, ಜಾತಿ ನಿಂದನೆ, ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯಕ್ಕೆ ಬನ್ನಿ ಮದ್ದಲ್ಲ. ಅಲ್ಲಿ ಕಾನೂನೇ ಬೇಕು. ನೊಂದವರಿಗೆ 'ಹೋಗ್ಲಿ ಬಿಡು, ರಾಜಿ ಆಗು' ಅನ್ನುವುದು ಇನ್ನೊಂದು ಅನ್ಯಾಯ.

ಆದರೆ ಒಡ್ಡಿನ ಜಗಳಕ್ಕೆ, ಪಾಲಿನ ಜಗಳಕ್ಕೆ ಈ ದಾರಿ ಸಾಕು. ಬರುವ ದಸರೆಗೆ ಮೊದಲ ಬನ್ನಿಯನ್ನು ಮಾತು ಬಿಟ್ಟವರಿಗೆ ಕೊಡಿ. ಚಿಕ್ಕವರಾದರೆ ಕಾಲು ಮುಟ್ಟಿ, ದೊಡ್ಡವರಾದರೆ ಹೆಗಲ ಮೇಲೆ ಕೈ ಇಡಿ. ಮುಂದಿನ ಮಾತು ಅವರೇ ಆಡಲಿ.