ಎಡೆದೊರೆನಾಡಿನ ಉಗಿಬಂಡಿ

1871ರಲ್ಲಿ ಮುಂಬಯಿಯ ಕಬ್ಬಿಣದ ಹಾದಿಯೂ ಮದರಾಸಿನ ಹಾದಿಯೂ ರಾಯಚೂರಿನಲ್ಲಿ ಬಂದು ಕೂಡಿದುವು. ಕೃಷ್ಣೆ ತುಂಗಭದ್ರೆಗಳ ನಡುವಣ ಈ ಎಡೆದೊರೆನಾಡು ಅಂದೇ ಎರಡು ಮಹಾನಗರಗಳಿಗೆ ನೆರೆಯಾಯಿತು. ತನ್ನವೇ ಆದ ದೇವದುರ್ಗ ಮಾನ್ವಿಗಳಿಗೆ ಮಾತ್ರ ದೂರವಾಗಿಯೇ ಉಳಿಯಿತು.

ಬೆಂಗಳೂರಿನಲ್ಲಿ 148 ಕಿಲೋಮೀಟರುಗಳ ಉಪನಗರ ರೈಲುಹಾದಿಗೆ 2022ರಲ್ಲಿ ಅಡಿಗಲ್ಲನ್ನಿಟ್ಟರು. ಬೆಳಗ್ಗೆ ದುಡಿಯಹೋದವನು ರಾತ್ರಿ ತನ್ನ ಮನೆಯಲ್ಲಿಯೇ ಉಣ್ಣುವಂತಾಗಬೇಕೆಂಬುದೇ ಅಂತಹ ರೈಲಿನ ಮರ್ಮವು. ಮಾನ್ವಿಯ ವಿದ್ಯಾರ್ಥಿಗೂ ದೇವದುರ್ಗದ ಕೂಲಿಗಾರನಿಗೂ ಬೇಕಾದುದು ಇದೇ.

2024ರಲ್ಲಿ ಗಂಗಾವತಿಯ ಕಡೆಯಿಂದ ರೈಲು ಸಿಂಧನೂರನ್ನು ಮುಟ್ಟಿತು. ಅದರ ಮುಂದಿನ ಹಾದಿಯನ್ನು ಮಾನ್ವಿಯ ಮೇಲೆ ರಾಯಚೂರಿಗೆ ಗೊತ್ತುಮಾಡಿರುವರು. ದೇವದುರ್ಗವು ಆ ಹಾದಿಯಲ್ಲಿಯೂ ಇಲ್ಲ. ಕಂಬಿ ಹಾಸಿದ ಮಾತ್ರಕ್ಕೆ ಊರುಗಳು ಹತ್ತಿರವಾಗವು. ಹೊತ್ತಿಗೆ ಸರಿಯಾಗಿ ನಿಂತು, ಬಡವನನ್ನು ಹತ್ತಿಸಿಕೊಂಡು, ದೀಪ ಹಚ್ಚುವ ವೇಳೆಗೆ ಮನೆಗೆ ಮುಟ್ಟಿಸುವ ಬಂಡಿಯು ಬೇಕು.